ಅಣ್ಣ ನುಂಗಿದ ಮಾತ್ರೆಗಳು

"ಕೆಮ್ಮೋದಕ್ಕೆ ಅಂತ ಇಷ್ಟು ದೂರ ಬಂದ್ಯೇನಯ್ಯಾ? ನಿಮ್ಮೂರಲ್ಲೇ ಒಂದು ಮೂಲೆ ಹಿಡಿದು ಕೆಮ್ಮಿದ್ರೆ ಆಗ್ತಿರ್ಲಿಲ್ವಾ?"

ಸರ್ಕಾರಿ ಆಸ್ಪತ್ರೆಯ ನಾಲ್ಕನೇ ಕಿಟಕಿಯ ಗುಮಾಸ್ತ ಈ ಮಾತನ್ನು ಇವರದೇ ಭಾಷೆಯಲ್ಲಿ, ಸಾಲಿನ ಕೊನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಬೆಳಗ್ಗೆ ಏಳರಿಂದ ಕಿಟಕಿಯಿಂದ ಕಿಟಕಿಗೆ ಅಲೆದು ಬಸವಳಿದಿದ್ದ ಅಪ್ಪ, ಮಗ ಇಬ್ಬರೂ, ಈ ಪರದೇಶದ ಊರಿನಲ್ಲಿ ಗಾಜಿನ ಆಚೆಯಿಂದ ತಮ್ಮ ನುಡಿ ಕೇಳಿಸಿದ್ದೇ ತಡ, ನಮ್ಮವನೊಬ್ಬ ಸಿಕ್ಕ ಎಂದು ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ನಮ್ಮವನು ಸಿಕ್ಕಿದ್ದ, ಸರಿ. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಪರರಿಗೆ ಗೊತ್ತಿರುವುದಿಲ್ಲ, ಇವನಿಗೆ ಗೊತ್ತಿತ್ತು.

"ಅಣ್ಣಾ, ಓದೇ ಬರಲ್ಲ ಅಂತಲ್ಲ, ಈ ಅಕ್ಷರ ಬರಲ್ಲ," ಎಂದ ಚಿಕ್ಕವನು, ಅರ್ಜಿಯನ್ನು ಗಾಜಿನ ಕೆಳಗಿನ ಸಂದಿಯಲ್ಲಿ ಮತ್ತೆ ತಳ್ಳುತ್ತ. ಇಪ್ಪತ್ತೆರಡು ವರ್ಷದವನು, ಮನೆಗೆ ಕಿರಿಯ ಮಗನಾದ್ದರಿಂದ ಎಲ್ಲರ ಬಾಯಲ್ಲೂ ಚಿಕ್ಕವನು. "ಮೂರು ವಾರದಿಂದ ಕೆಮ್ಮು. ಎಲ್ಲಿ ಏನು ಬರೀಬೇಕು ಅಂತ ಒಂಚೂರು ಹೇಳ್ಬಿಡಿ."

"ಮನೆ ಬಾಡಿಗೆ ಕಾಗದ?"

"ಅದು ನಮ್ಮಣ್ಣನ ಹೆಸರಲ್ಲಿದೆ."

"ಕೆಲಸದ ಕಾಗದ?"

"ಲಾಂಡ್ರೀಲಿ ಕೆಲಸ. ಆರು ತಿಂಗಳಾದ್ಮೇಲೆ ಕೊಡ್ತೀವಿ ಅಂದಿದ್ದಾರೆ."

"ಅಂದ್ರೆ ಓದಿಲ್ಲ, ಕಾಗದ ಇಲ್ಲ, ಕೆಮ್ಮು ಮಾತ್ರ ಇದೆ." ಗುಮಾಸ್ತ ಪಕ್ಕದ ಕಿಟಕಿಯವಳ ಕಡೆ ತಿರುಗಿ ಅಲ್ಲಿನ ಭಾಷೆಯಲ್ಲಿ ಏನೋ ಅಂದ. ಅವಳು ನಕ್ಕಳು. ಸಾಲಿನಲ್ಲಿ ಮುಂದಿದ್ದ ನಾಲ್ಕೈದು ಜನವೂ ನಕ್ಕರು. "ನಿಮ್ಮಂಥೋರು ಬಂದು ಬಂದೇ ಇಲ್ಲಿ ನಮಗಿದ್ದ ಮರ್ಯಾದೆ ಮಣ್ಣುಪಾಲಾಗಿರೋದು. ಪಕ್ಕಕ್ಕೆ ನಿಂತ್ಕೋ."

"ನಾಲಿಗೆ ಬಿಗಿ ಹಿಡಿದು ಮಾತಾಡು! ಏನು, ನಿಮ್ಮಪ್ಪ ಕಟ್ಟಿಸಿದ ಆಸ್ಪತ್ರೆನಾ ಇದು?"

ಚಿಕ್ಕವನು ಎಸೆದ ಅರ್ಜಿ ಮುದ್ದೆಯಾಗಿ ಗಾಜಿಗೆ ಬಡಿಯಿತು. ಕಾವಲಿನವನು ಬಾಗಿಲ ಬಳಿಯಿಂದ ಇವರ ಕಡೆ ಹೊರಟ. ಅಪ್ಪ ಮಗನ ಅಂಗಿಯನ್ನು ಬೆನ್ನ ಹಿಂದಿನಿಂದ ಹಿಡಿದು, "ಬಾರೋ, ನಿನ್ನ ಕಾಲಿಗೆ ಬೀಳ್ತೀನಿ ಬಾರೋ," ಎನ್ನುತ್ತ ಎಳೆದುಕೊಂಡು ಹೋದರು.

ಹೊರಗಿನ ಮೆಟ್ಟಿಲ ಮೇಲೆ ಕೆಮ್ಮು ಹತ್ತಿಕೊಂಡಿತು. ಚಿಕ್ಕವನು ಗೋಡೆ ಹಿಡಿದು, ಬಾಗಿ, ಕರವಸ್ತ್ರಕ್ಕೆ ಉಗಿದ. ಬಿಳಿ ಬಟ್ಟೆಯ ಮೇಲೆ ದಾರದ ಎಳೆಯಂತೆ ಕೆಂಪು. ಅಪ್ಪ ನೋಡುವುದರೊಳಗೆ ಮಡಚಿ ಜೇಬಿಗೆ ಹಾಕಿಕೊಂಡ. ಸಿಟ್ಟೆಲ್ಲ ಒಮ್ಮೆಗೇ ಇಳಿದುಹೋಯಿತು.

ಮನೆ ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಒಳಗಿನದರಲ್ಲಿ ದೊಡ್ಡವನು, ಅವನ ಹೆಂಡತಿ, ಮೂರು ವರ್ಷದ ಪುಟ್ಟಿ. ಹೊರಗಿನದರಲ್ಲಿ ಒಲೆ, ಅಪ್ಪನ ಹೊಲಿಗೆ ಯಂತ್ರ, ಅಪ್ಪ, ಅಮ್ಮ, ಚಿಕ್ಕವನು. ದೊಡ್ಡವನು ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದ. ನಾಲ್ಕು ವರ್ಷ ಮುಂಚೆ ಒಬ್ಬನೇ ಬಂದು, ಮೊದಲು ಹೆಂಡತಿಯನ್ನು, ಎಂಟು ತಿಂಗಳ ಹಿಂದೆ ಉಳಿದ ಮೂವರನ್ನೂ ಕರೆಸಿಕೊಂಡಿದ್ದ. ಅವನಿಗೆ ಕೆಲಸ ಇರುವವರೆಗೆ ಮಾತ್ರ ಈ ಊರಿನಲ್ಲಿ ಇವರಿಗೆಲ್ಲ ಜಾಗ. ಹಾಗೆಂದು ಎಲ್ಲರ ಕಾಗದದ ಮೇಲೂ ಬರೆದಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅಮ್ಮ ಅನ್ನ ಬಡಿಸುತ್ತ ಕೇಳಿದರು, "ಡಾಕ್ಟರು ಏನಂದ್ರು?"

"ಡಾಕ್ಟರ ಬಾಗಿಲೂ ಕಾಣಲಿಲ್ಲ," ಎಂದರು ಅಪ್ಪ. "ಇವನು ಕಿಟಕೀಲೇ ಕುಸ್ತಿಗೆ ನಿಂತ."

"ಅವನು ಅಂದಿದ್ದು ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತಪ್ಪಾ. ಎರಡು ಕಿವೀಲೂ ಕೇಳಿಸ್ತು. ನಮಗೆ ಬೇಕಾಗಿದ್ದು ಔಷಧಿ ತಾನೇ, ಅವನ ಮಗಳನ್ನೇನು ಕೇಳೋಕೆ ಹೋಗಿದ್ವಾ?"

ದೊಡ್ಡವನು ನಕ್ಕ. ಚಿಕ್ಕವನು ನಗಲಿಲ್ಲ. ಪುಟ್ಟಿ ಅವನ ತೊಡೆಯ ಮೇಲೆ ಕೂತು ಅವನ ತಟ್ಟೆಯಿಂದಲೇ ಆಲೂಗಡ್ಡೆ ಹೆಕ್ಕಿ ತಿನ್ನುತ್ತಿದ್ದಳು. ಅವನು ಮುಖ ಆಚೆ ತಿರುಗಿಸಿ ಕೆಮ್ಮಿದ.

ಅಪ್ಪ ತುತ್ತು ಕೈಯಲ್ಲೇ ಹಿಡಿದು ದೊಡ್ಡವನನ್ನು ನೋಡಿದರು. "ನಿನಗೆ ಕಂಪನಿಯೋರು ಕೊಟ್ಟ ಕಾರ್ಡ್ ಇದೆಯಲ್ಲ, ಆ ಖಾಸಗಿ ಕ್ಲಿನಿಕ್ಕಿಂದು."

"ಅದು ನನಗೆ ಮಾತ್ರ ಅಪ್ಪ. ಇವಳಿಗೂ ನಡೆಯಲ್ಲ."

"ಯಾರು ನೋಡ್ತಾರೆ? ನಾನು ಮೂವತ್ತು ವರ್ಷ ಜನರ ಅಳತೆ ತೆಗೆದೋನು. ನಿಮ್ಮಿಬ್ರದ್ದೂ ಒಂದೇ ಅಳತೆ. ನಿನಗೆ ಹೊಲಿದ ಅಂಗಿ ಇವನು ಹಾಕ್ಕೊಂಡು ತಿರುಗಲ್ವಾ? ಫೋಟೋದಲ್ಲಿರೋದು ನೀನೋ ಇವನೋ ಅಂತ ಹೆತ್ತ ನನಗೇ ಒಂದು ಗಳಿಗೆ ಬೇಕು."

"ಹೆತ್ತೋಳು ನಾನು," ಎಂದರು ಅಮ್ಮ.

"ಇಲ್ನೋಡು, ಊರಲ್ಲಿ ಒಂದೇ ಪಡಿತರ ಕಾರ್ಡಲ್ಲಿ ಎಂಟು ಜನ ಉಣ್ಣಲಿಲ್ವಾ? ಮನೆ ಒಂದು ಅಂದ್ಮೇಲೆ ಕಾರ್ಡೂ ಒಂದೇ."

ಬಾಗಿಲ ಬಳಿ ಕೂತಿದ್ದ ಅತ್ತಿಗೆ ತಲೆಯೆತ್ತಿದಳು. ಕಚೇರಿಗಳ ನೆಲ ಒರೆಸುವ ಕೆಲಸ ಅವಳದು. ಅಲ್ಲಿನ ಭಾಷೆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಬರುತ್ತಿತ್ತು. "ಮಾವ, ಅದು ಅಕ್ಕಿ. ಇದು ಮೈ. ನಾಳೆ ಇವನ ಮೈಯಲ್ಲಿ ಏನಾದ್ರೂ ಸಿಕ್ಕಿದ್ರೆ ಅದು ನನ್ನ ಗಂಡನ ಹೆಸರಿಗೆ ಅಂಟಿಕೊಳ್ಳುತ್ತೆ."

"ಏನು ಸಿಗುತ್ತೆ? ಕೆಮ್ಮು. ಒಂದು ಬಾಟಲಿ ಸಿರಪ್ಪು. ನೀನೊಬ್ಳು, ಗೋಡೆ ಇಲ್ಲದ ಕಡೆ ನೆರಳು ನೋಡ್ತೀಯ."

ಚಿಕ್ಕವನಿಗೆ ಜೇಬಿನ ಕರವಸ್ತ್ರ ನೆನಪಿತ್ತು. ಆ ಹೊತ್ತಿಗೆ ಬಾಯಿ ಬಿಟ್ಟಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವನು ತಟ್ಟೆ ತೊಳೆಯಲು ಎದ್ದ. ದೊಡ್ಡವನು ಪಾಕೀಟಿನಿಂದ ಕಾರ್ಡು ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟ.

ಖಾಸಗಿ ಕ್ಲಿನಿಕ್ಕಿನಲ್ಲಿ ಸಾಲೇ ಇರಲಿಲ್ಲ. ಕುರ್ಚಿಗೆ ಮೆತ್ತೆ, ಕುಡಿಯಲು ತಣ್ಣೀರು. ಕೌಂಟರಿನ ಹುಡುಗಿ ಕಾರ್ಡು ನೋಡಿ, ಮುಖ ನೋಡಿ, ನಕ್ಕು, "ಕೂತ್ಕೊಳ್ಳಿ ಸಾರ್," ಎಂದಳು. ಹುಟ್ಟಿದಾರಭ್ಯ ಚಿಕ್ಕವನನ್ನು ಯಾರೂ ಸಾರ್ ಎಂದಿರಲಿಲ್ಲ. ಅದಕ್ಕೂ ಅವನಿಗೆ ಭಯವೇ ಆಯಿತು. ಅಣ್ಣನ ಹುಟ್ಟಿದ ದಿನ, ಅಣ್ಣನ ಕಂಪನಿ, ಅಣ್ಣನ ಮದುವೆಯಾದ ವರ್ಷ, ಎಲ್ಲವನ್ನೂ ದಾರಿಯುದ್ದಕ್ಕೂ ಮಗ್ಗಿಯ ಹಾಗೆ ಹೇಳಿಕೊಂಡು ಬಂದಿದ್ದ. ಜೊತೆಗೆ ಬಂದ ಅತ್ತಿಗೆ ಡಾಕ್ಟರ ಮುಂದೆ ಹೆಂಡತಿಯ ಹಾಗೆ ಕೂತು ಅವನ ಮಾತನ್ನು ಅಲ್ಲಿನ ಭಾಷೆಗೆ ದಾಟಿಸಿದಳು. ನಾಚಿಕೆಯಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಮಕ್ಕಳೆಷ್ಟು?" ಎಂದರು ಡಾಕ್ಟರು.

"ಒಬ್ಳು ಮಗಳು."

"ಹಿಂದೆ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ? ಕಾಮಾಲೆ, ಸಕ್ಕರೆ, ಆಪರೇಷನ್ನು?"

ಅದಕ್ಕೆ ಮಾತ್ರ ಅವನು ಯೋಚಿಸಲಿಲ್ಲ. ಮೈ ತನ್ನದಲ್ಲವೇ. "ಏನೂ ಇಲ್ಲ," ಎಂದ. ಅತ್ತಿಗೆ ಹಾಗೇ ದಾಟಿಸಿದಳು. ರಕ್ತ ತೆಗೆದರು, ಎದೆಯ ಫೋಟೋ ತೆಗೆದರು, ಸಣ್ಣ ಡಬ್ಬಿ ಕೊಟ್ಟು ಕಫ ಹಾಕಿಸಿಕೊಂಡರು. ಫೋಟೋವನ್ನು ಬೆಳಕಿಗೆ ಹಿಡಿದ ಡಾಕ್ಟರು ಒಂದು ಕಡೆ ಬೆರಳಿಟ್ಟು ಮತ್ತೊಮ್ಮೆ ನೋಡಿದರು. ಆಮೇಲೆ, "ಫೋನ್ ಮಾಡ್ತೀವಿ," ಎಂದರು.

ಐದನೇ ದಿನ ಮಧ್ಯಾಹ್ನ ಎರಡಕ್ಕೆ ದೊಡ್ಡವನು ಮನೆಗೆ ಬಂದ. ಅದು ಮಕ್ಕಳನ್ನು ಶಾಲೆಯಿಂದ ವಾಪಸು ಬಿಡುವ ಹೊತ್ತು. ಅಪ್ಪ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ವ್ಯಾನಿನ ಕೀ ಇಸ್ಕೊಂಡ್ರು," ಎಂದ ದೊಡ್ಡವನು, ಬೂಟು ಕೂಡ ಬಿಚ್ಚದೆ. "ಕ್ಷಯ ಅಂತೆ. ನನಗೆ."

ಅಮ್ಮ ಬೇಳೆ ಆರಿಸುತ್ತಿದ್ದ ಮೊರ ಹಿಡಿದುಕೊಂಡೇ ಎದ್ದು ನಿಂತರು. ಅವರು ನೋಡಿದ್ದು ದೊಡ್ಡವನನ್ನಲ್ಲ, ರಾತ್ರಿ ಪಾಳಿ ಮುಗಿಸಿ ಬಂದು ಮೂಲೆಯಲ್ಲಿ ಮಲಗಿದ್ದ ಚಿಕ್ಕವನನ್ನು. ಅವನು ಎದ್ದು ಕೂತಿದ್ದ.

"ಕ್ಲಿನಿಕ್ಕಿನೋರು ಸರ್ಕಾರಕ್ಕೆ ತಿಳಿಸಲೇಬೇಕಂತೆ. ಶಾಲೆ ಮಕ್ಕಳ ಗಾಡಿ ಅಲ್ವಾ, ಕಂಪನಿಗೂ ಹೇಳಿದ್ದಾರೆ. ಹದಿನೈದು ದಿನ ಮಾತ್ರೆ ತಗೊಂಡು, ಅಂಟಲ್ಲ ಅಂತ ಚೀಟಿ ತಂದ್ರೆ ಕೀ ವಾಪಸ್ ಕೊಡ್ತೀನಿ ಅಂದ್ರು ಮ್ಯಾನೇಜರು. ನಾಳೆಯಿಂದ ಸರ್ಕಾರದ ನರ್ಸು ಮನೆಗೇ ಬರ್ತಾಳಂತೆ."

"ನಾನು ಹೇಳ್ದೆ," ಎಂದಳು ಅತ್ತಿಗೆ ಆ ಸಂಜೆ ಕೆಲಸದಿಂದ ಬಂದವಳೇ. "ಅವತ್ತೇ ಬಾಯಿ ಬಡ್ಕೊಂಡೆ. ಈಗ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ."

"ಹೇಳಿದ್ರೆ ಕಾರ್ಡ್ ಮೋಸ ಅಂತ ಕೆಲಸ ಹೋಗುತ್ತೆ," ಎಂದರು ಅಪ್ಪ. "ಕೆಲಸ ಹೋದ್ರೆ ಆರೂ ಜನ ಗಂಟುಮೂಟೆ ಕಟ್ಟಬೇಕು. ಹದಿನೈದು ದಿನದ ಮಾತು. ಮಾತ್ರೆ ಇವನು ಇಸ್ಕೊಂಡು ಅವನಿಗೆ ಕೊಟ್ರಾಯ್ತು."

ಅಪ್ಪನ ಲೆಕ್ಕ ಕೇಳಲು ಸಲೀಸಾಗಿಯೇ ಇತ್ತು. ಮಾರನೆಯ ದಿನ ಬೆಳಗ್ಗೆ ಏಳಕ್ಕೆ ನರ್ಸು ಬಂದಳು. ಐವತ್ತರ ಹೆಂಗಸು, ಮೂಗು ಬಾಯಿಗೆ ಮಾಸ್ಕು, ಕಾಲಿಗೆ ಗಟ್ಟಿ ಚಪ್ಪಲಿ. ಮೊದಲು ಕಿಟಕಿಗಳನ್ನೆಲ್ಲ ತೆರೆಸಿದಳು. ಆಮೇಲೆ ನಾಲ್ಕು ದಪ್ಪ ಮಾತ್ರೆಗಳನ್ನು ದೊಡ್ಡವನ ಅಂಗೈಗೆ ಹಾಕಿ ಎದುರಿಗೇ ಕೂತಳು. ದೊಡ್ಡವನು ಬಾಯಿಗೆ ಹಾಕಿಕೊಂಡು ನೀರು ಕುಡಿದ ಹಾಗೆ ಮಾಡಿದ.

"ಬಾಯಿ ತೆಗೀರಿ," ಎಂದಳು. "ನಾಲಿಗೆ ಎತ್ತಿ."

ನಾಲಿಗೆಯ ಕೆಳಗೆ ಎರಡು ಮಾತ್ರೆ ಕೂತಿದ್ದವು. ಅವಳು ಬೈಯಲಿಲ್ಲ. ಇನ್ನೊಂದು ಲೋಟ ನೀರು ತರಿಸಿದಳು. "ಎಲ್ಲರೂ ಮೊದಲು ಹೀಗೇ ಮಾಡೋದು. ನುಂಗಿ. ನಾನು ಕಾಯ್ತೀನಿ."

ಮನೆಯವರೆಲ್ಲ ನೋಡುತ್ತಿದ್ದಂತೆ ದೊಡ್ಡವನು ನಾಲ್ಕನ್ನೂ ನುಂಗಿದ. ಗಂಟಲ ಗಂಟು ನಾಲ್ಕು ಸಲ ಏರಿ ಇಳಿದದ್ದನ್ನು ಚಿಕ್ಕವನು ಒಲೆಯ ಪಕ್ಕದಲ್ಲಿ ನಿಂತು ನೋಡಿದ. ಕೆಮ್ಮು ಬರುತ್ತಿತ್ತು. ತಡೆದುಕೊಂಡ. ಕಣ್ಣಲ್ಲಿ ನೀರು ಬಂತು. ಕೊನೆಗೆ ತಡೆಯಲಾಗದೆ ಬಚ್ಚಲಿಗೆ ಓಡಿ ನಲ್ಲಿ ಬಿಟ್ಟು ಕೆಮ್ಮಿದ.

"ಕೆಮ್ಮೋದು ಚಿಕ್ಕಪ್ಪ," ಎಂದಳು ಪುಟ್ಟಿ ನರ್ಸಿನ ಮಂಡಿ ತಟ್ಟಿ. "ಅಪ್ಪ ಅಲ್ಲ."

ಅಮ್ಮನ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ನರ್ಸಿಗೆ ಇವರ ಭಾಷೆ ಬರುತ್ತಿರಲಿಲ್ಲ; ಮಗುವಿನ ಕೆನ್ನೆ ಮುಟ್ಟಿ, "ಏನಂತಾಳೆ?" ಎಂದಳು.

"ಹಸಿವು ಅಂತಿದ್ದಾಳೆ," ಎಂದಳು ಅತ್ತಿಗೆ.

ನರ್ಸು ಹೋಗುವ ಮುಂಚೆ ಒಂದು ಚೀಟಿ ಕೊಟ್ಟಳು. ಮನೆಯ ಉಳಿದ ಐವರೂ ಈ ವಾರದೊಳಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅದನ್ನು ಓದಿಸಿ ಕೇಳಿದ ಅಪ್ಪನ ಮುಖ ಅರಳಿತು.

"ನೋಡಿದ್ರಾ? ಚಿಕ್ಕವನೂ ಹೋಗ್ತಾನೆ. ಅವನಿಗೂ ಇದೆ ಅಂತ ಗೊತ್ತಾಗುತ್ತೆ. ಅಣ್ಣನಿಂದ ತಮ್ಮನಿಗೆ ಅಂಟಿತು ಅಂದ್ಕೋತಾರೆ. ಅವನ ಮಾತ್ರೆ ಅವನಿಗೆ. ಇವನದು ಹದಿನೈದು ದಿನಕ್ಕೆ ಮುಗೀತು. ಕಳ್ಳಹೊಲಿಗೆ ಹಾಕಿದ ಹಾಗೆ, ಎಲ್ಲೂ ದಾರ ಕಾಣಲ್ಲ."

ಅಂದಿನಿಂದ ಮನೆಯಲ್ಲಿ ದಿನಕ್ಕೊಂದು ನಾಟಕ. ಬೆಳಗ್ಗೆ ಏಳರಿಂದ ಏಳೂಕಾಲರವರೆಗೆ ದೊಡ್ಡವನು ರೋಗಿ. ಕಿಟಕಿಯ ಬಳಿ ಚಾಪೆ, ಪಕ್ಕದಲ್ಲಿ ಬೇರೆ ಲೋಟ. ನರ್ಸಿನ ಚಪ್ಪಲಿ ಸದ್ದು ಮೆಟ್ಟಿಲು ಇಳಿದ ಮೇಲೆ ದೊಡ್ಡವನು ಎದ್ದು ಒಳಕೋಣೆಗೆ, ಚಿಕ್ಕವನು ಅದೇ ಚಾಪೆಗೆ. ಅಮ್ಮ ಅವನ ಲೋಟ, ತಟ್ಟೆಯನ್ನು ಬೇರೆಯೇ ಕುದಿಸಿ ತೊಳೆಯುತ್ತಿದ್ದರು. ಪುಟ್ಟಿ ಚಿಕ್ಕಪ್ಪನ ಹತ್ತಿರ ಹೋಗಬಾರದು. ಹೋದಾಗಲೆಲ್ಲ ಅತ್ತಿಗೆ ಒಂದು ಮಾತೂ ಆಡದೆ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದಳು. ಪುಟ್ಟಿಗೆ ಅದೊಂದು ಆಟ.

ಚಿಕ್ಕವನು ಲಾಂಡ್ರಿ ಬಿಡಲಿಲ್ಲ. ಬಿಟ್ಟರೆ ಅಲ್ಲೂ ಕೇಳುತ್ತಾರೆ. ಹೋಟೆಲುಗಳಿಂದ ಬಂದ ಹಾಸಿಗೆ ಬಟ್ಟೆಯ ಗಂಟು ಬಿಚ್ಚಿ, ಯಂತ್ರಕ್ಕೆ ತುಂಬಿ, ಒದ್ದೆಯನ್ನು ಎಳೆದು ಬಿಸಿ ಉರುಳೆಯ ಬಾಯಿಗೆ ಕೊಡುವ ಕೆಲಸ. ಆವಿಯಲ್ಲಿ ಉಸಿರು ಕಟ್ಟುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಎಲ್ಲರಿಂದ ದೂರದ ಯಂತ್ರ ಹಿಡಿದ. ಪ್ಯಾಂಟು ಸೊಂಟದಿಂದ ಜಾರತೊಡಗಿತ್ತು. ಅಪ್ಪ ಎರಡು ಸಲ ಒಳಹಿಡಿದು ಹೊಲಿದುಕೊಟ್ಟಿದ್ದರು.

ಪರೀಕ್ಷೆಯ ದಿನ ಅಮ್ಮ, ಅಪ್ಪ, ಅತ್ತಿಗೆ, ಪುಟ್ಟಿ ಬೆಳಗ್ಗೆಯೇ ಹೋಗಿ ಬಂದರು. ಚಿಕ್ಕವನು ಒಂದು ನಿದ್ದೆ ಮುಗಿಸಿ ಹೋಗುತ್ತೇನೆ ಎಂದಿದ್ದ. ಹೋದ ಕೂಡ. ದೊಡ್ಡ ಬಾಗಿಲಿನಿಂದ ನಾಲ್ಕನೇ ಕಿಟಕಿ ಕಾಣಿಸುತ್ತಿತ್ತು. ಗುಮಾಸ್ತ ಯಾರದೋ ಅರ್ಜಿಯ ಮೇಲೆ ಠಸ್ಸೆ ಹೊಡೆಯುತ್ತಿದ್ದ. ಇವನನ್ನು ನೋಡಿದರೆ ಗುರುತು ಹಿಡಿಯುತ್ತಾನೆ. ಓಹೋ, ಮೂರು ವಾರದ ಕೆಮ್ಮಿನವನು, ಎನ್ನುತ್ತಾನೆ. ಮನೆಯಲ್ಲಿ ಮೊದಲು ಕೆಮ್ಮಿದವನು ಯಾರು ಎಂದು ಗೊತ್ತಿರುವವನು ಇಡೀ ಊರಿನಲ್ಲಿ ಅವನೊಬ್ಬನೇ. ಚಿಕ್ಕವನು ಬಾಗಿಲ ಕಂಬದ ಹಿಂದೆ ಹತ್ತು ನಿಮಿಷ ನಿಂತ. ಕಾಲು ಮುಂದಕ್ಕೆ ಹೋಗಲಿಲ್ಲ.

"ಆಯ್ತೇನೋ?" ಎಂದು ಅಮ್ಮ ಕೇಳಿದಾಗ, "ಆಯ್ತು. ನಾಲ್ಕು ದಿನ ಬಿಟ್ಟು ಹೇಳ್ತಾರಂತೆ," ಎಂದ.

ನಾಲ್ಕು ದಿನ ಎಂಟಾಯಿತು. ಪುಟ್ಟಿಯ ತೋಳಿನಲ್ಲಿ ಪರೀಕ್ಷೆಗೆಂದು ಸೂಜಿ ಚುಚ್ಚಿದ ಜಾಗ ಬಿಲ್ಲೆಯಷ್ಟು ಅಗಲ ಕೆಂಪಗೆ ಊದಿಕೊಂಡಿತು. ಕಾಯಿಲೆ ಮುಂದೆ ಏಳದ ಹಾಗೆ ಅವಳೂ ತಿಂಗಳುಗಟ್ಟಲೆ ಮಾತ್ರೆ ತಗೋಬೇಕು ಎಂದಳು ನರ್ಸು. ಬಾಳೆಹಣ್ಣಿನಲ್ಲಿ ಹಿಚುಕಿ ಕೊಟ್ಟರೆ ಪುಟ್ಟಿ ಹಣ್ಣು ತಿಂದು ಮಾತ್ರೆ ಉಗಿಯುತ್ತಿದ್ದಳು. ಅತ್ತಿಗೆ ಹೊಡೆದಳು. ಅಮ್ಮ ಅತ್ತಿಗೆಯನ್ನು ಬೈದರು. ಚಿಕ್ಕವನು ಬಚ್ಚಲ ಬಾಗಿಲು ಹಾಕಿಕೊಂಡು ಕೂತ.

ದೊಡ್ಡವನಿಗೆ ಮೊದಲ ವಾರ ಹೊಟ್ಟೆ ತೊಳೆಸುತ್ತಿತ್ತು. ಎರಡನೇ ವಾರ ಅನ್ನದ ವಾಸನೆಗೇ ಎದ್ದು ಹೋಗುತ್ತಿದ್ದ. ಅಮ್ಮ ಗಂಜಿ ಮಾಡಿದರು. ಎರಡು ಚಮಚ ಕುಡಿದು ಸಾಕು ಎಂದ.

"ಇನ್ನು ನಾಲ್ಕೇ ದಿನ ಕಣೋ," ಎಂದರು ಅಪ್ಪ.

"ಅಪ್ಪಾ, ಮೂತ್ರ ಮೊದಲು ಕಿತ್ತಳೆ ಬಣ್ಣಕ್ಕಿತ್ತು. ಈಗ ಟೀ ಡಿಕಾಕ್ಷನ್ ಥರ ಹೋಗ್ತಿದೆ."

"ಮಾತ್ರೆ ಬಣ್ಣ ಅದು. ನರ್ಸೇ ಹೇಳಿದ್ಲಲ್ಲ."

ಹನ್ನೆರಡನೇ ದಿನ ಭಾನುವಾರ. ಹೋದ ಭಾನುವಾರವೂ ಬಂದಿದ್ದ ನರ್ಸು ಈ ಸಲ ಬರುವುದಿಲ್ಲ, ಆ ದಿನದ ಮಾತ್ರೆಯನ್ನು ಹಿಂದಿನ ದಿನವೇ ಕೊಟ್ಟು ಹೋಗಿದ್ದಳು. ಚಿಕ್ಕವನು ಕೈಚಾಚಿ, "ಇವತ್ತಾದ್ರೂ ನನಗೆ ಕೊಡು," ಎಂದ. ದೊಡ್ಡವನು ಕೊಟ್ಟ. ಅದೇ ಅವನು ನುಂಗಿದ ಮೊದಲ ಔಷಧಿ.

ಅತ್ತಿಗೆ ಒಗೆದ ಬಟ್ಟೆ ಒಣಹಾಕಲು ಗಂಡನನ್ನು ತಾರಸಿಗೆ ಕರೆದಿದ್ದಳು. ಐದು ನಿಮಿಷಕ್ಕೆ ಅವನ ತೋಳು ಹಿಡಿದು ಎಳೆದುಕೊಂಡು ಬಂದಳು. ಕಿಟಕಿಯ ಬಿಸಿಲಿಗೆ ಅವನ ಮುಖ ತಿರುಗಿಸಿ, ಕಣ್ಣಿನ ಕೆಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದಳು.

"ನೋಡಿ ಮಾವ. ಇದೂ ಮಾತ್ರೆ ಬಣ್ಣನಾ?"

ಕಣ್ಣಿನ ಬಿಳಿ ಎಲ್ಲ ಅರಿಶಿನ ಕಲಸಿದ ಹಾಗಿತ್ತು.

ಅಮ್ಮ ನೆಲದ ಮೇಲೆ ಕೂತುಬಿಟ್ಟರು. "ಅಯ್ಯೋ, ಮತ್ತೆ ಬಂತಾ? ಒಂಬತ್ತು ವರ್ಷಕ್ಕೆ ಬಂದಿತ್ತು ಇವನಿಗೆ. ಎರಡು ತಿಂಗಳು ಮಲಗಿದ್ದ. ಬದುಕಲ್ಲ ಅಂದಿದ್ರು."

"ಏನು ಬಂದಿತ್ತು?" ಎಂದ ಚಿಕ್ಕವನು.

"ಕಾಮಾಲೆ ಕಣೋ. ನೀನಾಗ ತೊಟ್ಟಿಲಲ್ಲಿದ್ದೆ."

ಕ್ಲಿನಿಕ್ಕಿನ ಡಾಕ್ಟರ ಪ್ರಶ್ನೆ ಚಿಕ್ಕವನ ಕಿವಿಯಲ್ಲಿ ಕೇಳಿಸಿತು, ಅದಕ್ಕೆ ತಾನು ಕೊಟ್ಟ ಉತ್ತರವೂ. ಅತ್ತಿಗೆಯ ಮುಖವೂ ಬಿಳಿಚಿಕೊಂಡಿತ್ತು. ಅದನ್ನು ದಾಟಿಸಿದವಳು ಅವಳು. ಆಮೇಲೆ ಅವಳು ಚಾಪೆಯ ಕೆಳಗಿನಿಂದ ನರ್ಸು ಕೊಟ್ಟಿದ್ದ ಚೀಟಿ ತೆಗೆದಳು.

"ಇನ್ನೊಂದು ಮಾತು. ಇದರಲ್ಲಿ ನಾಲ್ಕು ಜನಕ್ಕೆ ಗುರುತು ಹಾಕಿದ್ದಾರೆ. ಐದನೆಯವನಿಗಿಲ್ಲ. ನಿನ್ನೆ ಅವಳು ಕೇಳಿದ್ಲು, ನಿಮ್ಮ ಮೈದುನ ಯಾಕೆ ಬಂದಿಲ್ಲ ಅಂತ." ಅವಳು ಚಿಕ್ಕವನ ಕಡೆ ತಿರುಗಿದಳು. "ಎಲ್ಲಿಗೆ ಹೋಗಿದ್ದೆ ಅವತ್ತು?"

ಅವನು ತಲೆ ತಗ್ಗಿಸಿದ. "ಬಾಗಿಲ ತನಕ."

"ಬಾಗಿಲ ತನಕ! ನನ್ನ ಗಂಡ ವಿಷ ನುಂಗ್ತಾ ಕೂತಿದ್ದಾನೆ, ನನ್ನ ಮಗಳ ತೋಳು ಊದಿದೆ, ನೀನು ಬಾಗಿಲ ತನಕ ಹೋಗಿ ಬಂದ್ಯಾ?"

"ಬಿಡೇ, ಸಾಕು," ಎಂದ ದೊಡ್ಡವನು.

"ಯಾಕೆ ಬಿಡಲಿ? ಇಬ್ರೂ ಒಂದೇ ಅಳತೆ ಅಂದ್ರಲ್ಲ ಮಾವ, ಈಗ ಹೇಳಿ, ಯಾರನ್ನು ಮೊದಲು ಮಣ್ಣಿಗೆ ಹಾಕೋಣ?"

ಅಪ್ಪ ಯಂತ್ರದ ಕೆಳಗೆ ಬಿದ್ದಿದ್ದ ದಾರದ ತುಂಡುಗಳನ್ನು ಒಂದೊಂದೇ ಆರಿಸತೊಡಗಿದರು. "ಮೂರು ದಿನ," ಎಂದರು ಕೊನೆಗೆ, ಯಾರಿಗೂ ಅಲ್ಲವೆಂಬಂತೆ. "ಮೂರೇ ದಿನ ಇದ್ದದ್ದು."

ಸೋಮವಾರ ಏಳಕ್ಕೆ ನರ್ಸಿನ ಚಪ್ಪಲಿ ಮೆಟ್ಟಿಲು ಹತ್ತುವಾಗ ಚಿಕ್ಕವನು ಬಾಗಿಲಲ್ಲೇ ನಿಂತಿದ್ದ. ಲಾಂಡ್ರಿಯಲ್ಲಿ ಅವನು ಕಲಿತದ್ದು ನಲವತ್ತೋ ಐವತ್ತೋ ಮಾತು: ಬಿಸಿ, ಒದ್ದೆ, ಬೇಗ, ಎತ್ತು, ನನ್ನದು, ಅವನದು. ಅತ್ತಿಗೆ ಸ್ನಾನಕ್ಕೆ ಹೋಗಿದ್ದಳು. ಅವಳು ಬರುವವರೆಗೆ ಕಾದರೆ ಧೈರ್ಯ ಹೋಗಿಬಿಡುತ್ತದೆಂದು ಅವನಿಗೆ ಗೊತ್ತಿತ್ತು.

"ಅವನಲ್ಲ," ಎಂದ ನರ್ಸಿಗೆ, ಒಳಗಿದ್ದ ಅಣ್ಣನನ್ನು ತೋರಿಸಿ. ಆಮೇಲೆ ತನ್ನ ಎದೆ ಬಡಿದುಕೊಂಡ. "ನಾನು. ಕೆಮ್ಮು ನನ್ನದು. ಫೋಟೋ ನನ್ನದು. ರಕ್ತ ನನ್ನದು. ಮಾತ್ರೆ ಅವನು. ಕಣ್ಣು ನೋಡಿ. ಬೇಗ."

ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದ.

ನರ್ಸು ಕರವಸ್ತ್ರ ನೋಡಿದಳು. ಆಮೇಲೆ ಚೀಲವನ್ನು ನೆಲಕ್ಕೆ ಹಾಕಿ ದೊಡ್ಡವನ ಬಳಿ ಓಡಿದಳು. ಅವನ ಕಣ್ಣು ನೋಡಿದಳು, ಹೊಟ್ಟೆಯ ಬಲಗಡೆ ಒತ್ತಿದಳು, ಅವನು ಕಿರುಚಿದ. ಅವಳು ಫೋನು ತೆಗೆದು ಕೂಗಿ ಮಾತಾಡಿದಳು. ಅದನ್ನು ಕೇಳಿದ ಅಮ್ಮ ಅಳಲು ಶುರುಮಾಡಿದರು. ಇಷ್ಟು ದಿನ ಮನೆಯಲ್ಲಿ ದನಿ ಏರಿಸದೆ ಇದ್ದವಳು ಎಂದರೆ ಅವಳೊಬ್ಬಳೇ.

ಆಂಬುಲೆನ್ಸಿನಲ್ಲಿ ಕೂತಾಗ ನರ್ಸು ಒದ್ದೆ ತಲೆಯಲ್ಲೇ ಹೊರಟುಬಂದಿದ್ದ ಅತ್ತಿಗೆಗೆ ಒಂದು ಮಾತು ಹೇಳಿದಳು. ಅತ್ತಿಗೆ ಅದನ್ನು ದಾಟಿಸಲಿಲ್ಲ. ಚಿಕ್ಕವನು, "ಏನಂದ್ಲು?" ಎಂದು ಮೂರು ಸಲ ಕೇಳಿದ ಮೇಲೆ ಹೇಳಿದಳು.

"ಈ ಕಾಯಿಲೆಗೆ ಸರ್ಕಾರಿ ಆಸ್ಪತ್ರೇಲಿ ಯಾವ ಕಾಗದಾನೂ ಕೇಳಲ್ವಂತೆ. ಕಾರ್ಡೂ ಬೇಡ್ವಂತೆ. ಯಾರು ಬಂದ್ರೂ ಪುಕ್ಕಟೆ ಕೊಡ್ತಾರಂತೆ. ಅರ್ಜಿಯೇ ಬೇಡ, ಹಿಂದಿನ ಬಾಗಿಲಿಂದ ನೇರ ಒಳಗೆ ಬರಬಹುದಿತ್ತಂತೆ."

ಚಿಕ್ಕವನು ಹಲ್ಲು ಕಟಕಟ ಕಡಿದ. ಬೈಯಲು ಯಾರೂ ಎದುರಿಗಿರಲಿಲ್ಲ.

ದೊಡ್ಡವನಿಗೆ ಮೂರು ದಿನ ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು. ಮಾತು ತಡವರಿಸುತ್ತಿತ್ತು, ಒಮ್ಮೆ ಹೆಂಡತಿಯನ್ನು ಅಮ್ಮ ಎಂದು ಕರೆದ. ನಾಲ್ಕನೇ ದಿನ ಡಾಕ್ಟರು, ಯಕೃತ್ತು ಇನ್ನೂ ಹದಕ್ಕೆ ಬಂದಿಲ್ಲ, ಆದರೆ ಹದಗೆಡುವುದು ನಿಂತಿದೆ ಎಂದರು. ಚಿಕ್ಕವನನ್ನು ಅದೇ ಮಹಡಿಯ ಕೊನೆಯ ಕೋಣೆಯಲ್ಲಿ ಬೇರೆ ಇಟ್ಟಿದ್ದರು. ಬೆಳಗ್ಗೆ ಹತ್ತಕ್ಕೆ ಮಾಸ್ಕು ಹಾಕಿಕೊಂಡು ಪಡಸಾಲೆಯ ತುದಿಯ ಔಷಧಿ ಕೋಣೆಗೆ ಹೋಗಿ, ನರ್ಸಿನ ಮುಂದೆ ಮಾತ್ರೆ ನುಂಗಿ ಬರಬೇಕು.

ಐದನೇ ದಿನ ಆ ಹೊತ್ತಿಗೇ ವ್ಯಾನು ಕಂಪನಿಯ ಮ್ಯಾನೇಜರು ಬಂದ. ಅಣ್ಣನ ವಾರ್ಡಿನ ಮುಂದಿನ ಬೆಂಚಿನ ಮೇಲೆ ಅಪ್ಪ, ಅತ್ತಿಗೆ; ಜೊತೆಗೆ ಬೇರೆ ರೋಗಿಗಳ ಕಡೆಯವರು ಏಳೆಂಟು ಜನ. ಮ್ಯಾನೇಜರು ಕೆಟ್ಟವನ ಹಾಗೆ ಕಾಣಲಿಲ್ಲ. ಕಂಕುಳಲ್ಲಿ ಫೈಲು, ಕೈಯಲ್ಲಿ ಹಣ್ಣಿನ ಚೀಲ. ನಿಂತುಕೊಂಡೇ ನಿಧಾನವಾಗಿ ಮಾತಾಡಿದ. ಅತ್ತಿಗೆ ಕೇಳಿಸಿಕೊಂಡು ಅಪ್ಪನಿಗೆ ಹೇಳಿದಳು.

"ಇವರು ಆಮೇಲೆ ಮಾತ್ರೆ ನುಂಗಿದ್ದು ತಮ್ಮನ ಮೇಲಿನ ಪ್ರೀತಿಗೆ ಅಂತ ಬರ್ಕೋತಾರಂತೆ. ಅದಕ್ಕೆ ಕೆಲಸ ಹೋಗಲ್ವಂತೆ. ಅವರಿಗೆ ಬೇಕಾಗಿರೋದು ಒಂದೇ. ಕಾರ್ಡನ್ನ ಇವರೇ ಕೊಟ್ರೋ, ಇವರಿಗೆ ಗೊತ್ತಿಲ್ಲದೆ ಅವನು ತಗೊಂಡು ಹೋದನೋ." ಅವಳು ಮತ್ತೆ ಮ್ಯಾನೇಜರ ಮಾತು ಕೇಳಿಸಿಕೊಂಡಳು. "ಕೊಟ್ಟಿದ್ರೆ ಇವತ್ತೇ ಹೆಸರು ಹೊಡೆದು ಹಾಕ್ತಾರೆ. ಗೊತ್ತಿಲ್ಲದೆ ತಗೊಂಡಿದ್ರೆ ಇವರು ಹುಷಾರಾದ್ಮೇಲೆ ವ್ಯಾನು ಕೊಡ್ತಾರೆ."

"ತಗೊಂಡೋನಿಗೆ?" ಎಂದರು ಅಪ್ಪ.

"ಪೊಲೀಸಿಗೆ ಬರೆದುಕೊಡ್ತಾರಂತೆ. ಔಷಧಿ ಮಾತ್ರ ನಿಲ್ಲಿಸಲ್ವಂತೆ, ಎಲ್ಲಿದ್ರೂ ಕೊಡ್ತಾರಂತೆ."

ಚಿಕ್ಕವನು ತನ್ನ ಕೋಣೆಯಿಂದ ಹೊರಟವನು ಅಲ್ಲಿಗೆ ಬಂದು ನಿಂತಿದ್ದ. ಅಪ್ಪ ಅವನನ್ನು ನೋಡಿದರು. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದೊಡ್ಡವನ ಪಾದಗಳು, ನೇತುಹಾಕಿದ ಬಾಟಲಿ. ಅಪ್ಪ ಎದ್ದು ನಿಂತರು. ಎಂಟು ತಿಂಗಳಲ್ಲಿ ಅಲ್ಲಿನ ಭಾಷೆಯಲ್ಲಿ ಅವರು ಕಲಿತದ್ದು ಕಡಿಮೆ. ಆ ಒಂದು ಶಬ್ದ ಅದರಲ್ಲಿತ್ತು.

"ಕಳ್ಳ," ಎಂದರು ಮ್ಯಾನೇಜರಿಗೆ, ಚಿಕ್ಕವನ ಕಡೆ ಬೆರಳು ಚಾಚಿ. ಬೆಂಚಿನವರೆಲ್ಲ ತಿರುಗಿದರು. ಆಮೇಲೆ ತಮ್ಮ ಭಾಷೆಯಲ್ಲಿ, ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದವರ ಹಾಗೆ ಗಟ್ಟಿಯಾಗಿ, "ಇವನೇ ಕದ್ದಿದ್ದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ದಂಡಪಿಂಡ. ಮಲಗಿದ್ದ ಅಣ್ಣನ ಜೇಬಿಗೆ ಕೈ ಹಾಕಿದ. ನನ್ನ ದೊಡ್ಡ ಮಗನಿಗೆ ಏನೂ ಗೊತ್ತಿಲ್ಲ. ಹೇಳಮ್ಮಾ, ಹೇಳು ಅವರಿಗೆ, ಇವನು ಹುಟ್ಟಿದಾಗಿಂದ ಹೀಗೇ ಅಂತ ಹೇಳು."

ಅತ್ತಿಗೆ ಒಂದೊಂದು ಮಾತನ್ನೂ ದಾಟಿಸಿದಳು. ಮ್ಯಾನೇಜರು ಚಿಕ್ಕವನ ಕಡೆ ತಿರುಗಿ, ಸುಲಭದ ಮಾತುಗಳಲ್ಲಿ, ಅವನಿಗೂ ತಿಳಿಯುವ ಹಾಗೆ ಕೇಳಿದ: "ನಿಜವಾ?"

ಹೊಲಿಗೆ ಯಂತ್ರದ ಮೇಲೆ ಕಾರ್ಡು ಇಟ್ಟ ಸಂಜೆ, ಅಪ್ಪನ ಕೈಯಲ್ಲಿ ನಿಂತಿದ್ದ ತುತ್ತು, ಒಂದೇ ಅಳತೆಯ ಮಾತು, ಎಲ್ಲ ಚಿಕ್ಕವನ ಗಂಟಲವರೆಗೂ ಬಂತು. ಅಪ್ಪನ ಬೆರಳು ಇನ್ನೂ ಚಾಚಿಕೊಂಡೇ ಇತ್ತು. ಆದರೆ ಅವರ ಕಣ್ಣು ಅವನ ಮುಖದ ಮೇಲಿರಲಿಲ್ಲ. ಅವನ ಸೊಂಟದ ಮೇಲಿತ್ತು, ಮತ್ತೆ ಜಾರುತ್ತಿದ್ದ ಪ್ಯಾಂಟಿನ ಮೇಲೆ.

"ಯಾರೋ ಅದು?" ಎಂದು ವಾರ್ಡಿನ ಒಳಗಿನಿಂದ ದೊಡ್ಡವನ ಧ್ವನಿ ಕ್ಷೀಣವಾಗಿ ಕೇಳಿಸಿತು. "ಏನು ಗಲಾಟೆ?"

"ನಿಜವಾ?" ಎಂದ ಮ್ಯಾನೇಜರು ಇನ್ನೊಮ್ಮೆ.

ಚಿಕ್ಕವನು ಹೌದೆಂದು ತಲೆಯಾಡಿಸಿ, ಒಂದು ಕೈಯಲ್ಲಿ ಪ್ಯಾಂಟು ಮೇಲೆಳೆದುಕೊಂಡ. ಬೆಂಚಿನವರು ಅವನು ಹತ್ತಿರ ಬಂದ ಹಾಗೆ ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಪಡಸಾಲೆಯ ತುದಿಯಲ್ಲಿ ನರ್ಸು ನೀರಿನ ಲೋಟ ಹಿಡಿದು ಕಾಯುತ್ತಿದ್ದಳು. ಅವನು ಅತ್ತ ನಡೆದುಹೋದ.